ಹಳಬರ ಬಟ್ಟೆ ಸುತ್ತಿದ ಕೂಸು

ಸಾಂತಾ ರೂಫಿನಾ ಕಡಲಕೇರಿ
ಜೂನ್ ೩೦, ೨೦೦೪

ತಂಗಿ ಬೆನಿಗ್ನಾಗೆ ಅಕ್ಕ ಗ್ರಿಮನೇಸಾಳ ಆಶೀರ್ವಾದ.

ನೀನೂ ನಿನ್ನ ಗಂಡನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಈ ಕಾಗದ ಓದಿ ಮುಗಿಸುವ ಹೊತ್ತಿಗೆ ಹಾಗೆ ಇರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬರೆಯುವುದು ತಡವಾಯಿತು. ಸಂತ ಪೇದ್ರೋನ ಹಬ್ಬ ನಿನ್ನೆ ಮುಗಿಯಿತು. ದೋಣಿಗಳಿಗೆಲ್ಲ ಕಾಗದದ ಹೂ ಕಟ್ಟಿ ಸಂತನನ್ನು ಕಡಲಿಗೆ ಕರೆದುಕೊಂಡು ಹೋದರು, ವಾಪಸ್ಸು ಬರುವಾಗ ಕುಡಿದವರು ಅವನನ್ನು ತಲೆಕೆಳಗಾಗಿ ಇಳಿಸಿದರು. ನಿಂತು ನಿಂತು ನನ್ನ ಕಾಲು ಊದಿದೆ. ಅಕ್ಷರ ನೋಡಿ ನಗಬೇಡ. ಮೂರನೇ ಕ್ಲಾಸಿಗೇ ಅಪ್ಪ ನನ್ನನ್ನು ಬಿಡಿಸಿ ಮೀನು ಸೀಳುವುದಕ್ಕೆ ಕೂರಿಸಿದ. ಸಿಸ್ಟರುಗಳ ಶಾಲೆಗೆ ಹೋದವಳು ನೀನು. ಫೋನಿನಲ್ಲಿ ಆದರೆ ನೀನು ಅಳುತ್ತೀಯ, ನಾನು ಫೋನ್ ಕುಕ್ಕಿಬಿಡುತ್ತೇನೆ. ಕಾಗದಕ್ಕೆ ಯಾರ ಅಳುವೂ ಕೇಳಿಸುವುದಿಲ್ಲ.

ಅವತ್ತು ಫೋನಿನಲ್ಲಿ ನೀನು ಪೂರ್ತಿ ಕೇಳಲಿಲ್ಲ, ಅದಕ್ಕೆ ಮೊದಲಿಂದ ಹೇಳುತ್ತೇನೆ. ನಿಮ್ಮ ಪಟ್ಟಣದ ಮ್ಯೂಸಿಯಂನವರು ನಮ್ಮೂರ ವಾಕಾ ದಿಬ್ಬವನ್ನು ಅಗೆದು, ಅಲ್ಲಿ ನೂರಾರು ವರ್ಷದಿಂದ ಮಲಗಿದ್ದ ಹಳಬರಲ್ಲಿ ಕೆಲವರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೊಸ ಕೋಣೆ ತೆರೆದರಲ್ಲ, ಆ ದಿನ ನಮ್ಮ ಕೇರಿಗೇ ಬಸ್ಸು ಕಳಿಸಿದರು. "ಇವರು ನಿಮ್ಮ ಪೂರ್ವಿಕರು, ಬಂದು ನೋಡಿ ಹೆಮ್ಮೆಪಡಿ" ಅಂದರು. ಊಟವೂ ಅವರದೇ. ಕರಪುಲ್ಕ್ರಾ ಅಂತ ಬಡಿಸಿದರು. ತಟ್ಟೆ ತುಂಬ ಆಲೂಗಡ್ಡೆ, ಮಾಂಸ ಬೇಕೆಂದರೆ ಅದನ್ನೂ ಅಗೆದೇ ತೆಗೆಯಬೇಕು.

ಪಕ್ಕದ ಮನೆ ಸೆಲ್ಮಿರಾ ನನ್ನ ತೋಳು ಹಿಡಿದುಕೊಂಡೇ ಓಡಾಡಿದಳು. ಮೊಣಕಾಲು ಅಪ್ಪಿ ಕೂತ ಒಬ್ಬ ಹಳಬನ ಮುಂದೆ ನಿಂತು, "ಲೇ ಗ್ರಿಮಾ, ಇವನು ಥೇಟ್ ನಮ್ಮ ಮೇಯರ್ ಕಣೇ. ಕೈಕಟ್ಕೊಂಡು ಕೂತವ್ನೆ, ಏನ್ ಕೇಳಿದ್ರೂ ಬಾಯ್ ಬಿಡಲ್ಲ" ಅಂದಳು. ಹೆಂಗಸರೆಲ್ಲ ನಕ್ಕರು. ನಾನೂ ನಗುತ್ತಲೇ ಪಕ್ಕದ ಗಾಜಿನ ಹತ್ತಿರ ಹೋದೆ.

ಅಲ್ಲಿ ನನ್ನ ಕೂಸು ಮಲಗಿತ್ತು.

ಹೌದು, ನನ್ನದೇ. ನೀನು ಮರೆತವಳ ಹಾಗೆ ಆಡುತ್ತೀಯ, ಅದಕ್ಕೇ ನೆನಪಿಸುತ್ತೇನೆ. ನನ್ನ ಮೊದಲನೆಯದು ಹುಟ್ಟಿ ಬೆಳಗಾಗುವುದರೊಳಗೆ ಹೋಯಿತು. ಜ್ಞಾನಸ್ನಾನದ ನೀರು ಬಿದ್ದಿಲ್ಲ ಅಂತ ಪಾದ್ರಿ ಸ್ಮಶಾನದ ಗೇಟು ತೆರೆಯಲಿಲ್ಲ. ನೀರು ಬೀಳದ ಕೂಸುಗಳನ್ನು ನಮ್ಮ ಕೇರಿಯವರು ಎಲ್ಲಿಗೆ ಒಯ್ಯುತ್ತಿದ್ದರು? ದಿಬ್ಬಕ್ಕೇ. ಹಳಬರಿಗೂ ಜ್ಞಾನಸ್ನಾನ ಆಗಿರಲಿಲ್ಲ, ಅವರು ಬೇಡ ಅನ್ನುವುದಿಲ್ಲ. ಆದರೆ ಅವರ ಊರಿಗೆ ಅವರ ಹಾಗೇ ಹೋಗಬೇಕು. ಶಿಲುಬೆ ಇಡಬಾರದು, ಮೊಳೆ ಹೊಡೆದ ಪೆಟ್ಟಿಗೆ ಕೂಡದು, ಅಂಗಡಿ ಬಟ್ಟೆ ಕೂಡದು. ಹೊಸ ನೂಲಿನ ಒಂದು ಎಳೆ ಇದ್ದರೂ ಹಳಬರು ಪರಕೀಯರ ಕೂಸು ಅಂತ ಮರಳಿನಿಂದ ಆಚೆ ನೂಕುತ್ತಾರೆ ಅನ್ನುತ್ತಿದ್ದಳು ಅಮ್ಮ. ಶುಭ ಶುಕ್ರವಾರಕ್ಕೊಮ್ಮೆ ಮಡಕೆ, ಬಟ್ಟೆ ಸಿಕ್ಕೀತೆಂದು ದಿಬ್ಬ ಕೆದಕದ ಮನೆ ನಮ್ಮ ಕೇರಿಯಲ್ಲಿ ಯಾವುದಿತ್ತು? ನಮ್ಮಲ್ಲೂ ಹಳಬರ ಬಟ್ಟೆಯೊಂದಿತ್ತು, ಸಾಲಾಗಿ ಕಡಲಹಕ್ಕಿಗಳನ್ನು ನೇಯ್ದದ್ದು. ಒಂದು ಹಕ್ಕಿಯ ಕೊಕ್ಕು ಇರಬೇಕಾದ ಕಡೆ ತೂತು. ಹೊಸ ನೂಲು ಹಾಕುವಂತಿಲ್ಲವಲ್ಲ. ನನ್ನ ಜಡೆಯಿಂದಲೇ ಕೂದಲು ಕಿತ್ತು, ಮುಳ್ಳಿನಲ್ಲಿ ಪೋಣಿಸಿ ಹೊಲಿದೆ. ಎದೆಹಾಲು ಸುರಿಯುತ್ತಿತ್ತು, ಹೊಲಿದೆ.

ಊರು ಉಂಡು ಮಲಗಿದ ಮಧ್ಯಾಹ್ನ ನಾವು ಹೊರಟೆವು. ಮುಂದೆ ಅಮ್ಮ ಸೋರೆಬುರುಡೆ ಹಿಡಿದು, ನಡುವೆ ನಾನು, ಹಿಂದೆ ಕೂಸಿನ ಜೊಂಡಿನ ಬುಟ್ಟಿ ಹೊತ್ತ ನೀನು. ಹದಿನೇಳು ವರ್ಷದ ಹುಡುಗಿ ನೀನು, ತೊಟ್ಟಿಲ ಕೂಸಲ್ಲ, ನೆನಪಿಲ್ಲ ಅನ್ನುವುದಕ್ಕೆ. ಕಡಲಿನಿಂದ ಬಂದ ಮೇಲೆ ನನ್ನ ಗಂಡ ಅಬೆಲಾರ್ದೊ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಾಜಿನ ಹತ್ತಿರ ನಿಂತು ವಿವರಿಸುತ್ತಿದ್ದವಳು ಅದನ್ನು ಅಗೆದು ತೆಗೆದ ಹುಡುಗಿಯೇ. ಯೆಸೇನಿಯಾ ಅಂತೆ. "ಇಲ್ಲಿ ನೋಡಿ, ಹಕ್ಕಿಯ ಕೊಕ್ಕಿನ ಈ ಹೊಲಿಗೆ ಮನುಷ್ಯರ ಕೂದಲಿನದು. ಬಹಳ ಅಪರೂಪ. ಬಹುಶಃ ದೇವರಿಗೆ ಬಲಿ ಕೊಟ್ಟ ಮಗು" ಅಂದಳು.

ಬಲಿ! "ಯಾವಳೇ ಬಲಿ ಕೊಟ್ಟವಳು? ಹಡೆದವಳು ನಾನು ಇಲ್ಲಿ ನಿಂತಿದೀನಿ, ನನ್ನ ಕೇಳು!" ಅಂತ ಕಿರುಚಿದೆ. ಕಾವಲಿನವನು ಓಡಿ ಬಂದ. ಸೆಲ್ಮಿರಾ ಅವನಿಗೆ, "ಮುಟ್ಟಿ ನೋಡು ಮಗನೇ, ನಿನ್ನನ್ನೂ ಗಾಜಿನೊಳಗೆ ಕೂರಿಸ್ತೀನಿ" ಅಂದಳು. ಅವಳಿಗೂ ಅದುವರೆಗೆ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ನನ್ನ ಪಕ್ಕ ನಿಂತಳು. ಪಕ್ಕದ ಮನೆಯವಳು ನಿಂತಳು ಬೆನಿ.

ದೊಡ್ಡ ಅಧಿಕಾರಿಯ ಕೋಣೆಗೆ ಕರೆದೊಯ್ದು ಕಾಫಿ ಕೊಟ್ಟರು. ಅವನು ಬಹಳ ಮೆತ್ತಗೆ ಮಾತಾಡುತ್ತಾನೆ. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ, ನಿನಗೆ ಗೊತ್ತು.

"ನಿಮ್ಮ ನೋವು ಅರ್ಥವಾಗುತ್ತೆ ಸೆನ್ಯೋರಾ. ಆದ್ರೆ ಬಟ್ಟೆಯನ್ನ ಪರೀಕ್ಷೆ ಮಾಡಿಸಿದೀವಿ. ಎಂಟುನೂರು ವರ್ಷ ಹಳೇದು."

"ಬಟ್ಟೆ ಹಳೇದೇ ಸ್ವಾಮಿ. ನಾನು ಹೊದ್ದಿರೋ ಈ ಶಾಲೂ ನಮ್ಮಜ್ಜೀದು. ಅಷ್ಟಕ್ಕೇ ನನ್ನನ್ನ ನಮ್ಮಜ್ಜಿ ಅಂತೀರಾ?"

ಕೂದಲು ಕಿತ್ತು ಅವನ ಮೇಜಿನ ಮೇಲಿಟ್ಟೆ, ತಗೋ, ಹೋಲಿಸಿ ನೋಡು ಅಂತ. ಅವನು ಅದನ್ನು ಮುಟ್ಟಲೂ ಇಲ್ಲ, ಊದಲೂ ಇಲ್ಲ. ಒಬ್ಬರ ಬಾಯಿಮಾತಿನ ಮೇಲೆ ಕೂಸು ಸುತ್ತಿದ ಗಂಟು ಬಿಚ್ಚಿಸುವ ಹಾಗಿಲ್ಲವಂತೆ. ಹೂಳಿದ್ದನ್ನು ಕಣ್ಣಾರೆ ಕಂಡವರು ಇನ್ನೊಬ್ಬರು ಬಂದು ಹೇಳಿದರೆ ಪರೀಕ್ಷೆಗೆ ಕಳಿಸುತ್ತಾನಂತೆ. ಅದೂ ಆಗಸ್ಟಿನ ಒಳಗೆ. ಆಮೇಲೆ ಆ ಕೋಣೆಯ ಸಾಮಾನೆಲ್ಲ ಪರದೇಶಕ್ಕೆ ಪ್ರದರ್ಶನಕ್ಕೆ ಹೋಗುತ್ತದಂತೆ. ಸಾಮಾನು ಅಂದ, ಬೆನಿ. ಕಡಲಿಗೆ ಹೋದ ಅಬೆಲಾರ್ದೊ ಕೊನೆಗೊಂದು ದಿನ ತಿರುಗಿ ಬರಲಿಲ್ಲ. ಈಗ ಅವನ ಕೂಸನ್ನೂ ಕಡಲು ದಾಟಿಸುತ್ತಾರೆ.

ಅಮ್ಮ ಹೋದಳು. ಕೂಸನ್ನು ಕಂಡಿದ್ದ ಸೂಲಗಿತ್ತಿಯೂ ಹೋದಳು. ಕಂಡವರಲ್ಲಿ ಉಳಿದವಳು ನೀನು. ಮ್ಯೂಸಿಯಂ ಇರುವುದು ನಿನ್ನ ಮನೆಯಿಂದ ಎರಡು ಬೀದಿ ಆಚೆ. ಸಾಕ್ಷಿ ಹೇಳು ಅನ್ನಲು ಫೋನ್ ಮಾಡಿದರೆ ನೀನು ಏನಂದೆ? "ಹೋಗ್ಲಿ ಬಿಡಕ್ಕಾ, ಅಲ್ಲಿ ತಣ್ಣಗೆ ಚೊಕ್ಕಟವಾಗಿದೆ, ಮಣ್ಣಿಗಿಂತ ವಾಸಿ." ಆಮೇಲೆ ದನಿ ತಗ್ಗಿಸಿ, "ಇವರು ಚರ್ಚಿನ ಸಭೇಲಿ ಮುಖ್ಯಸ್ಥರು. ನಮ್ಮ ಮನೆ ಕೂಸನ್ನ ಅನ್ಯರ ದಿಬ್ಬದಲ್ಲಿ ಹೂತ್ರು ಅಂತ ಗೊತ್ತಾದ್ರೆ ಜನ ಏನಂತಾರೆ?"

ಜನ ಟಿಕೆಟ್ ತೆಗೆದುಕೊಂಡು ನೋಡುತ್ತಿದ್ದಾರೆ ಕಣೇ, ಇನ್ನೇನು ಅನ್ನಬೇಕು? ನಿನ್ನ ಗಂಡನ ಮರ್ಯಾದೆ ಅಷ್ಟು ತೆಳುವಾಗಿದ್ದರೆ ಅದನ್ನೂ ಗಾಜಿನೊಳಗಿಡಲಿ. ನಮ್ಮ ಹೊಸ ಪಾದ್ರಿಗೆ ಸುದ್ದಿ ಮುಟ್ಟಿ ಬಂದಿದ್ದ. "ಈಗ ಕಾಲ ಬದಲಾಗಿದೆ ಅಜ್ಜಿ, ಕೂಸು ಸಿಕ್ಕಿದರೆ ಸ್ಮಶಾನದಲ್ಲೇ ಜಾಗ ಕೊಡ್ತೀನಿ" ಅಂದ. "ನಿನ್ನ ಜಾಗ ನೀನೇ ಇಟ್ಕೋಪ್ಪ. ಬಾಗಿಲು ಹಾಕಿದಾಗ ಒಳಗೆ ಕರೆದವರ ಹತ್ರಾನೇ ಮಲಗಿಸ್ತೀನಿ" ಅಂದು ಕಳಿಸಿದೆ. ದಿಬ್ಬದಲ್ಲಿ ಅಗೆದ ಗುಂಡಿ ಹಾಗೇ ಬಿದ್ದಿದೆ. ಹೋಗಿ ನೋಡಿ ಬಂದೆ.

ಈ ಕಾಗದ ಮುಟ್ಟಿದ ವಾರದಲ್ಲೇ ನೀನು ಆ ಮೆತ್ತಗಿನವನ ಮುಂದೆ ಹೋಗಿ ನಿಲ್ಲಬೇಕು. ಬುಟ್ಟಿ ಹೊತ್ತವಳು ನಾನು ಅನ್ನು. ಅಷ್ಟೇ ಸಾಕು, ಅಳುವುದೆಲ್ಲ ಬೇಡ. ಹೋಗದಿದ್ದರೆ ನನ್ನ ಮಣ್ಣಿಗೂ ಬರಬೇಡ. ಇದು ಸಿಟ್ಟಿನ ಮಾತು ಅಂದುಕೊಂಡರೆ ಅಂದುಕೋ, ಸಿಟ್ಟಿನದೇ.

ಮಂಡಿನೋವಿಗೆ ಬಿಸಿ ಮರಳಿನ ಶಾಖ ಕೊಟ್ಟುಕೋ. ಒಣಮೀನು ಕಟ್ಟಿ ಇಟ್ಟಿದ್ದೇನೆ, ಸೆಲ್ಮಿರಾ ಬರುವಾಗ ತರುತ್ತಾಳೆ. ನಿನ್ನ ಗಂಡನಿಗೂ ಕೊಡು, ಅವನ ಮೇಲೆ ಸಿಟ್ಟಿದ್ದರೂ ಮೀನಿನ ಮೇಲೆ ಇಲ್ಲ. ಕಡಲತಾಯಿ ನಿಮ್ಮಿಬ್ಬರನ್ನೂ ಕಾಯಲಿ.

ಇಂತು ನಿನ್ನ ಅಕ್ಕ
ಗ್ರಿಮನೇಸಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಗಾಜಿನ ಕೆಳಗೆ ಅವರು ಒಂದು ಹೆಸರು ಬರೆದಿದ್ದಾರೆ. ಕಿಲ್ಯಾರಿ. ಬೆಟ್ಟದವರ ಭಾಷೆಯಲ್ಲಿ ಬೆಳದಿಂಗಳು ಅಂತೆ. ಯೆಸೇನಿಯಾ ಇಟ್ಟದ್ದು. ನೀರು ಬೀಳದ್ದಕ್ಕೆ ಹೆಸರಿಲ್ಲ ಅಂದಿದ್ದಳು ಅಮ್ಮ. ಇಷ್ಟು ವರ್ಷ ನಾನು ಮನಸ್ಸಿನಲ್ಲಿ ಕರೆಯಬೇಕಾದರೂ "ಏ" ಅಂದಿದ್ದೇನೆ, ಅಷ್ಟೇ. ಅಲ್ಲಿ ಶಾಲೆಯ ಮಕ್ಕಳು ಗಾಜಿಗೆ ಮೂಗು ಒತ್ತಿ "ಕಿಲ್ಯಾರಿ, ಕಿಲ್ಯಾರಿ" ಅಂತ ಕರೆಯುತ್ತಿದ್ದರು. ನಾನು ಹೆತ್ತದ್ದಕ್ಕೆ ಯಾರೋ ಹೆಸರಿಟ್ಟರಲ್ಲ ಅಂತ ಮೈಯೆಲ್ಲ ಉರಿಯಿತು. ಇನ್ನೂ ಉರಿಯುತ್ತಿದೆ. ಆದರೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೆಲ್ಮಿರಾ ನಿದ್ದೆ ಹೋದ ಮೇಲೆ ನಾನೂ ಒಂದು ಸಲ ಕರೆದು ನೋಡಿದೆ. ಚೆನ್ನಾಗಿದೆ ಬೆನಿ. ಸಾಕ್ಷಿ ಹೇಳಿದ ಮೇಲೆ ಆ ಹುಡುಗಿಯನ್ನು ಕಂಡು ಕೇಳು, ಕೂಸಿನ ಜೊತೆ ಹೆಸರನ್ನೂ ಕೊಡುತ್ತಾಳಾ ಅಂತ. ನೀನೇ ಕೇಳು. ನಾನು ಹೋದರೆ ಬೈದುಬಿಡುತ್ತೇನೆ.