ಪುಟ್ಟಗಂಗಮ್ಮ ಬಿಟ್ಟುಕೊಟ್ಟ ಮೂಲೆ ಮನೆ

ಗುಬ್ಬಿ
19 ಜನವರಿ 2025

ಪ್ರೀತಿಯ ಪದ್ದೂಗೆ,

ನಿನ್ನ ಖುರ್ಷಿದಾಳ ಸಲಾಂ. ಕುಣಿಗಲ್ಲಿನಲ್ಲಿ ನಿನ್ನ ತಮ್ಮ ವಾದಿರಾಜನ ಮನೆಯಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಮಂಡಿ ನೋವು ಹೇಗಿದೆ? ದಸರಾಕ್ಕೆ ಮುಂಚೆ ನೀನು ಬರೆದ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯೋದಾದರೆ ಬೈದುಬಿಡು. ಫೋನ್ ಮಾಡಬಹುದಿತ್ತಲ್ಲ ಅಂತೀಯ. ನಾನು ಫೋನ್ ಕಿವಿಗಿಟ್ಟರೆ ಸಾಕು, ಇವರು ಬಂದು ಪಕ್ಕದಲ್ಲೇ ಕೂರುತ್ತಾರೆ ಕಣೇ. ಇವರೆದುರಿಗೆ ಆಡಲಾಗದ ಮಾತೂ ಒಂದಿದೆ. ಅದಕ್ಕೇ ಕಾಗದ.

ಕೆರೆ ಏರಿ ಒಡೆದು, ನಮ್ಮ ಬೀದಿಯ ಜೊತೆಗೆ ನಿನ್ನ ಯಜಮಾನರಾದ ಮೇಷ್ಟ್ರನ್ನೂ ನೀರು ಎಳೆದುಕೊಂಡು ಹೋಗಿ ಇದು ಮೂರನೇ ವರ್ಷ. ಅವರ ವೈಕುಂಠ ಸಮಾರಾಧನೆ ಮುಗಿಸಿ ನೀನು ಕುಣಿಗಲ್ ಬಸ್ಸು ಹತ್ತಿದೆ. ನಾವು ತುಮಕೂರಿನಲ್ಲಿ ಮಗ ಸಯೀದನ ಬಾಡಿಗೆ ಮನೆಗೆ ಹೋದೆವು. ಇವರ ತಲೆ ಮಂಕಾಗಿದ್ದು ಅಲ್ಲೇ. ನಲವತ್ತು ವರ್ಷ ಊರಿನ ಅಂಗಿಗಳನ್ನೆಲ್ಲ ಹೊಲಿದ ಮನುಷ್ಯ, ಬಚ್ಚಲು ಎಲ್ಲಿ ಅಂತ ದಿನಾ ಕೇಳುವ ಹಾಗಾಯಿತು. ಗುಂಡಿ ತರುತ್ತೇನೆ ಅಂತ ಹೋದವರು, ನಮ್ಮ ಗುಬ್ಬಿಯದೂ ಅಲ್ಲ, ಬೆಳ್ಳಾವಿ ಬಸ್ಸಿನಲ್ಲಿ ಕೂತಿದ್ದರು. "ಎಲ್ಲಿಗೆ ಹೊರಟಿದ್ರಿ?" ಅಂದರೆ, "ಮನೆಗೆ" ಅಂದರು.

ಡಾಕ್ಟರ್ ಅನುಪಮಾ ಅಂತ ಒಬ್ಬರು ಇವರನ್ನು ಚೆನ್ನಾಗಿ ನೋಡಿದರು. "ಮರೆವು ಮೊದಲೇ ಸ್ವಲ್ಪ ಇದ್ದಿರಬೇಕಮ್ಮ. ಆ ಮನೆ, ಆ ಬೀದಿ, ಆ ಜನ ಕೈ ಹಿಡ್ಕೊಂಡಿದ್ದಕ್ಕೆ ಗೊತ್ತಾಗ್ತಿರ್ಲಿಲ್ಲ. ಎಲ್ಲಾ ಒಟ್ಟಿಗೇ ಹೋಯ್ತು ನೋಡಿ" ಅಂದರು. ಪೂರ್ತಿ ವಾಸಿಯಾಗಲ್ಲ, ಪರಿಚಯದವರ ಮಧ್ಯೆ ಇದ್ದರೆ ಒಳ್ಳೆಯದು ಅಂತಲೂ ಹೇಳಿದರು.

ಅಷ್ಟರಲ್ಲಿ ಗುಬ್ಬಿಯ ಹೊರಗೆ ಸರ್ಕಾರದ ಹೊಸ ಮನೆಗಳು ಸಿದ್ಧವಾದವು. ನನಗೆ ಜೀವ ಬಂದ ಹಾಗಾಯಿತು. ಮೂವರೂ ಬಂದು ನೋಡಿದರೆ ಎಲ್ಲ ಮನೆಗೂ ಒಂದೇ ಹಳದಿ ಬಣ್ಣ, ಒಂದೇ ನೀಲಿ ಬಾಗಿಲು. ಚೀಟಿ ಎತ್ತಿ ಹಂಚಿದ್ದರಿಂದ ಪಕ್ಕದವರು ಪಕ್ಕದಲ್ಲಿಲ್ಲ, ಎದುರಿನವರು ಎದುರಿಗಿಲ್ಲ. ತಲೆ ನೆಟ್ಟಗಿರುವ ನನಗೇ ಮನೆ ತಪ್ಪುತ್ತಿತ್ತು, ಇನ್ನು ಇವರ ಗತಿ ಏನು ಹೇಳು. ಎರಡು ಸಲ ಕಳೆದುಹೋದರು. ಮಳೆಯಲ್ಲಿ ಹುಡುಕಿ ಸುಸ್ತಾದ ಸಯೀದ ಬಾಗಿಲಿಗೆ ಹೊರಗಿನಿಂದ ಹಾಕಲು ಒಂದು ಚಿಲಕ ತಂದ. "ಅಮ್ಮೀ, ಬೇರೆ ದಾರಿ ಇಲ್ಲ" ಅಂದ. ಅವನ ಮೇಲೆ ಕೋಪ ಬರಲಿಲ್ಲ ಕಣೇ. ಆದರೆ ಆ ಚಿಲಕವನ್ನು ನಾನು ಕೈಯಿಂದಲೂ ಮುಟ್ಟಲಿಲ್ಲ.

ಚಿಲಕ ಜಡಿಯುವ ಮೊದಲೇ ಇವರು ಮತ್ತೆ ಕಾಣೆಯಾದರು. ಸಿಕ್ಕಿದ್ದು ಎಲ್ಲಿ ಗೊತ್ತೇ? ಪುಟ್ಟಗಂಗಮ್ಮನ ಮನೆಯಲ್ಲಿ! ಅದೇ, ನಲ್ಲಿಯ ಹತ್ತಿರ ನನ್ನ ಬಿಂದಿಗೆ ಎತ್ತಿ ಆಚೆಗಿಟ್ಟು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳಲ್ಲ, ಅವಳೇ. ಚೀಟಿಯಲ್ಲಿ ಅವಳಿಗೆ ಮೂಲೆ ಮನೆ ಬಂದಿತ್ತು. ಎರಡು ಕಡೆಯೂ ರಸ್ತೆ, ಬೋಂಡ ಅಂಗಡಿಗೆ ಹೇಳಿ ಮಾಡಿಸಿದ ಜಾಗ. ಒಲೆ ಹೂಡಿ ವ್ಯಾಪಾರವನ್ನೂ ಶುರುಮಾಡಿದ್ದಳು. ಇವರು ನೇರ ಒಳಗೆ ಹೋಗಿ, ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿ, ಕಿಟಕಿ ಕೆಳಗೆ ಕೂತು, "ಖುರ್ಷಿದಾ, ಚಾ" ಅಂದರಂತೆ.

ಇವತ್ತು ನನಗೆ ಮಂಗಳಾರತಿ ಗ್ಯಾರಂಟಿ ಅಂದುಕೊಂಡು ಓಡಿದೆ. ನೋಡಿದರೆ ಇವರು ಆರಾಮಾಗಿ ಚಾ ಕುಡಿಯುತ್ತಿದ್ದಾರೆ, ತಟ್ಟೆಯಲ್ಲಿ ಬೋಂಡ ಬೇರೆ! ಹಿಂದೆಯೇ ಸಯೀದ ಬಂದು, "ಅಬ್ಬಾ, ನಡೀರಿ. ಇನ್ಮೇಲೆ ಚಿಲಕ ಹಾಕೋದೇ" ಅಂದ. ಪುಟ್ಟಗಂಗಮ್ಮ ಜಾಲರಿ ಸೌಟು ಹಿಡಿದೇ ಎದ್ದಳು.

"ಏನ್ಲಾ ಸಯೀದ, ನಿಮ್ಮಪ್ಪ ಏನು ದನಾನಾ ಕೂಡಾಕಕ್ಕೆ? ಸಾಬ್ರು ದಾರಿ ತಪ್ಪಿಲ್ಲ ಕಣ್ಲಾ. ಹಳೇ ಬೀದೀಲಿ ನಿಮ್ದು ಮೂಲೆ ಮನೆ ಅಲ್ವಾ? ಮೂಲೆ ಮನೆಗೇ ಸರಿಯಾಗಿ ಬಂದವ್ರೆ. ಚೀಟಿ ಎತ್ತಿ ತಪ್ಪು ಮನೇಲಿ ಕೂರ್ಸಿರೋದು ನಮ್ಮನ್ನ!"

ಎಷ್ಟು ಸರಿಯಾದ ಮಾತು! ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಈ ಮನೆ ನೀವು ತಗಳಿ, ನಿಮ್ದು ನಂಗೆ ಕೊಡಿ" ಅಂದಳು. ನಿನ್ನ ಅಂಗಡಿ ಗತಿ ಏನು ಅಂದೆ. "ಬೋಂಡ ಎಲ್ಲಿ ಬೇಯ್ಸಿದ್ರೂ ಬೇಯ್ತದೆ ಬುಡು. ನಿಂಗೋಸ್ಕರ ಅಲ್ಲ, ಸಾಬ್ರಿಗೋಸ್ಕರ" ಅಂದಳು. ಪದ್ದೂ, ನಾನಾಗಿದ್ದರೆ ಕೊಡುತ್ತಿದ್ದೆನೇ? ಗೊತ್ತಿಲ್ಲ ಕಣೇ.

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ದಾರಿ ಗೊತ್ತಾಗದೆ ಒದ್ದಾಡುತ್ತಿದ್ದ ಮುದುಕರು ಇನ್ನೂ ಇದ್ದರಲ್ಲ. ಇಡೀ ಬೀದಿಯೇ ಹಳೇ ಸಾಲಿನಂತೆ ಕೂರಬೇಕು ಅಂತ ಹಠ ಹಿಡಿದಳು. ಒಪ್ಪದವರ ಹೊಸ್ತಿಲ ಮೇಲೆ ಕೂತು ಎದ್ದೇಳಲೇ ಇಲ್ಲ. ಹಕ್ಕುಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಎಲ್ಲರನ್ನೂ ಕಚೇರಿಗೆ ಎಳೆದುಕೊಂಡು ಹೋಗಿ ಬದಲಾಯಿಸಿಕೊಂಡು ಬಂದಳು. ಭಾನುವಾರ ಪಾತ್ರೆ, ಹಾಸಿಗೆ, ದೇವರ ಪಟ ಎಲ್ಲ ತಲೆ ಮೇಲೆ ಹೊತ್ತು ಈ ಮನೆಯಿಂದ ಆ ಮನೆಗೆ ಓಡಾಡಿದೆವು. ನಕ್ಕೂ ನಕ್ಕೂ ಸಾಕಾಯಿತು.

ಈಗ ಇವರು ಮೂಲೆ ಮನೆಯ ಕಿಟಕಿಯ ಕೆಳಗೆ ಮೆಷಿನ್ ಹಾಕಿಕೊಂಡು ಕೂರುತ್ತಾರೆ. ದಿಂಬಿನ ಚೀಲ, ಲಂಗ ಹೊಲಿಯುತ್ತಾರೆ. ಹೋಗಿ ಬರುವವರನ್ನು ಹೆಸರು ಹಿಡಿದು ಕರೆಯುತ್ತಾರೆ. ಮಸೀದಿಗೆ ಹೊರಟರೆ ಪ್ರತಿ ಬಾಗಿಲಲ್ಲೂ ಒಬ್ಬರು ಮಾತಾಡಿಸುತ್ತಾರೆ, ವಾಪಸ್ಸು ಬರುವಾಗಲೂ ಅಷ್ಟೇ. ಮರೆವು ಹೋಗಿಲ್ಲ. ಆದರೆ ಆ ಚಿಲಕವನ್ನು ಸಯೀದ ಅಂಗಡಿಗೆ ವಾಪಸ್ಸು ಕೊಟ್ಟ. ಪುಟ್ಟಗಂಗಮ್ಮ ನನ್ನನ್ನು ಈಗಲೂ ಬೈಯುತ್ತಾಳೆ. ಬೈಯಲಿ. ಅವಳು ಬೈದ ದಿನ ನನಗೆ ಊಟ ರುಚಿಸುತ್ತದೆ.

ನಿನ್ನ ಪಾಲಿಗೆ ಬಂದ ಹೊಸ ಮನೆಯೂ ಮೊದಲಿನ ಹಾಗೆಯೇ ನಮ್ಮ ಎದುರಿಗಿದೆ. ಬೀಗದ ಕೈ ಅವಳ ಹತ್ತಿರವೇ ಇದೆ, ಯಾರು ಕೇಳಿದರೂ ಕೊಡುವುದಿಲ್ಲ. "ಪದ್ಮಮ್ಮೋರು ಬತ್ತಾರೆ" ಅನ್ನುತ್ತಾಳೆ. ಬಂದುಬಿಡೇ. ಅಲ್ಲಾಹ್ ನಿನ್ನ ಮಂಡಿಗೆ ಬಲ ಕೊಡಲಿ, ವಾದಿರಾಜನ ಮಕ್ಕಳನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಖುರ್ಷಿದಾ

ಮರೆತ ಮಾತು: ಮರೆತಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಬೀದಿ ಮೊದಲಿನಂತಾದ ದಿನದಿಂದ ಇವರು ನಿಮ್ಮ ಬೀಗ ನೋಡಿ, "ಮೇಷ್ಟ್ರು ಯಾಕೆ ಬರಲಿಲ್ಲ?" ಅಂತ ಕೇಳುತ್ತಾರೆ. ಮೇಷ್ಟ್ರ ಹಿಂದೆ ಸ್ಮಶಾನದವರೆಗೆ ನಡೆದವರು ಇವರೇ ಅಲ್ಲವೇನೇ? ಎರಡು ಸಲ ನಿಜ ಹೇಳಿದೆ. ಎರಡು ಸಲವೂ ಆಗತಾನೇ ಕೇಳಿದವರಂತೆ ನೆಲಕ್ಕೆ ಕುಸಿದು ಅತ್ತರು. ಈಗ, ಮೇಷ್ಟ್ರು ಕುಣಿಗಲ್ಲಿಗೆ ಹೋಗಿದ್ದಾರೆ, ಪದ್ಮಮ್ಮನ ಜೊತೆ ಬರುತ್ತಾರೆ ಅಂತ ಸುಳ್ಳು ಹೇಳುತ್ತಿದ್ದೇನೆ. ನಿನ್ನ ಗಂಡನ ಬಗ್ಗೆ ನಿನ್ನನ್ನು ಕೇಳದೆ ಹೇಳಿದ ಸುಳ್ಳು. ನೀನು ಬೀಗ ತೆಗೆದ ಗಳಿಗೆಯಲ್ಲೇ ಇವರು ನಿನ್ನ ಹಿಂದೆ ಅವರನ್ನು ಹುಡುಕುತ್ತಾರೆ. ಏನು ಹೇಳಬೇಕು ಅಂತ ನೀನೇ ತೀರ್ಮಾನ ಮಾಡಿಕೊಂಡು ಬಾ. ಹೋದ ವಾರ ಮೇಷ್ಟ್ರಿಗೆ ಒಂದು ಅರ್ಧ ತೋಳಿನ ಅಂಗಿ ಹೊಲಿದಿದ್ದಾರೆ. ಅಳತೆ ಒಂದಿಂಚೂ ತಪ್ಪಿಲ್ಲ. ಗುಂಡಿ ಮಾತ್ರ ಹಾಕಿಲ್ಲ. ಮೇಷ್ಟ್ರು ಬಂದು ಒಂದು ಸಲ ತೊಟ್ಟು ನೋಡಲಿ ಅಂತ ಕಾಯುತ್ತಿದ್ದಾರೆ.