ನೀರಿಗೋ ಸಾರಿಗೋ

ನನ್ನ ಫೋನ್ ಕಂಡ ಕೂಡಲೇ ಕಟ್ ಮಾಡುವ ಗೆಳೆಯ ಓಬಳೇಶನಿಗೆ,

ಹೊಳಲ್ಕೆರೆಯಿಂದ ಮುರುಗೇಶಪ್ಪ ಬರೆಯುವುದು. ಮೊದಲೇ ಹೇಳಿಬಿಡುತ್ತೇನೆ, ಇದು ಆರೋಗ್ಯ ವಿಚಾರಿಸುವ ಪತ್ರ ಅಲ್ಲ. ನಿನಗೆ ಲಕ್ವ ಹೊಡೆದಾಗಿನಿಂದ ನಿನ್ನ ಸುದ್ದಿಯನ್ನೆಲ್ಲ ತಂಗಿ ಅನುಸೂಯ ನನಗೆ ಹೇಳುತ್ತಲೇ ಇದ್ದಾಳೆ. ಹೆಂಡತಿ ಗೆಳೆಯನಿಗೆ ಚಾಡಿ ಹೇಳುತ್ತಾಳೆ ಎಂದು ಅವಳ ಮೇಲೆ ಹರಿಹಾಯಬೇಡ. ಎಡಗೈ ಮೇಲೇಳುತ್ತಿಲ್ಲ, ಎಡಗಾಲು ಎಳೆದುಕೊಂಡು ಜಗಲಿಯ ತನಕ ಬರುತ್ತೀಯ, ಮಾತು ತೊದಲುತ್ತದೆ, ಬೈಗುಳ ಮಾತ್ರ ಸ್ಪಷ್ಟವಾಗಿದೆ. ಎಲ್ಲ ಗೊತ್ತು. ನಾನು ಬರೆಯುತ್ತಿರುವುದು ಹೊನ್ನಾವರದ ವಿಚಾರಕ್ಕೆ. ದೀಪಾವಳಿ ಕಳೆದ ಮೇಲೆ ಹೊರಡುವುದು, ನೀನು ಬರಬೇಕು. ಇರುವುದು ಇಷ್ಟೇ ವಿಷಯ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀನು ಕಾಗದ ಮಡಚಿ ದಿಂಬಿನ ಕೆಳಗೆ ತುರುಕಿ, ಗೋಡೆ ಕಡೆ ಮುಖ ಮಾಡಿ ಮಲಗುತ್ತೀಯ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಹೋದ ಸಲ ನಾನು ನಿಮ್ಮ ಹಿರೇಗುಂಟನೂರಿಗೆ ಬಂದಾಗ ನೀನು ಮಾಡಿದ್ದು ಅದನ್ನೇ. ಗೋಡೆಗೆ ಹೇಳುವವನ ಹಾಗೆ ಹೇಳಿದೆ, "ಬರಬ್ಯಾಡ ಮುರುಗೇಶಿ. ನೀನು ಬಂದ್ರೆ ನಂಗೆ ನೀರು ನೆಪ್ಪಾಗ್ತೈತೆ. ಕೈ ಹೋದೋನಿಗೆ ನೀರಿನ ನೆಪ್ಪು ಯಾಕಪ್ಪ?" ಅನುಸೂಯ ಕೊಟ್ಟ ಟೀ ಕುಡಿಯದೆ ಎದ್ದು ಬಂದೆ. ದುರ್ಗದ ತನಕ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದವರು ಧೂಳು ಬಿತ್ತೇನ್ರಿ ಅಂದರು. ಹೂಂ ಅಂದೆ.

ಲೇ, ನಿನಗೆ ನೀರು ನೆನಪಾಗುತ್ತದೆ ಅನ್ನುತ್ತೀಯಲ್ಲ, ನನಗೆ ನೀರು ಕಂಡರೆ ನೀನು ನೆನಪಾಗುತ್ತೀಯ. ಅದಕ್ಕೆ ಏನು ಮಾಡೋಣ?

ನಾವಿಬ್ಬರೂ ಗೆಳೆಯರಾಗಿದ್ದೇ ಒಂದು ಬೀಡಿಯ ದೆಸೆಯಿಂದ. ಮಾರಿಕಣಿವೆ ಹಿನ್ನೀರಿನ ಪಕ್ಕದ ತೋಟದಲ್ಲಿ ಪಂಪು ಸುಟ್ಟಿತ್ತು. ಮೋಟಾರ್ ಬಿಚ್ಚಿ, ತಂತಿ ಹೊಸದಾಗಿ ಸುತ್ತಲು ನನ್ನ ರೀವೈಂಡಿಂಗ್ ಅಂಗಡಿಗೆ ಒಯ್ಯಲು ನಾನು ಬಂದಿದ್ದೆ. ಬಸ್ಸಿನ ಡ್ಯೂಟಿ ಇಲ್ಲದ ದಿನ, ಡ್ರೈವರ್ ಖಾಕಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ನೀನು ಗಾಳ ಹಾಕಿ ಕೂತಿದ್ದೆ. ಗುರುತಿಲ್ಲ, ಪರಿಚಯವಿಲ್ಲ, "ಒಂದು ಗಳಿಗೆ ಹಿಡ್ಕಳ್ರಿ ಸಾಮಿ, ಬೀಡಿ ಹಚ್ಕತೀನಿ" ಎಂದು ಕೋಲು ನನ್ನ ಕೈಗಿತ್ತೆ. ಬೆಂಕಿಕಡ್ಡಿ ಗೀರುವಷ್ಟರಲ್ಲಿ ಮೀನು ಎಳೆಯಿತು. ಹುಟ್ಟಿದ ಮೇಲೆ ಮೀನು ಮುಟ್ಟದ ನಾನು ಕೆಸರಿನಲ್ಲಿ ಜಾರಿ ಕುಂಡೆ ಊರಿ ಕೂತರೂ ಕೋಲು ಬಿಡಲಿಲ್ಲ. ನೀನು ಬೀಡಿ ಎಸೆದು ಸಾಮಿ ಗೀಮಿ ಎಲ್ಲ ಮರೆತು, "ಬಿಟ್ಟೀಯ ಬೋಳಿಮಗನೆ, ಬಿಟ್ರೆ ನಿನ್ನೇ ನೀರಿಗೆ ಹಾಕ್ತೀನಿ!" ಎಂದು ಕೂಗಿದೆ. ಕಾಟ್ಲಾ ಮೀನು ದಡಕ್ಕೆ ಬಂತು. ಅದು ಬಾಯಿ ತೆರೆದು ಮುಚ್ಚುವುದನ್ನು ನೋಡಿ ನನಗೆ ಒಂಥರಾ ಆಯಿತು. ಬಿಟ್ಟುಬಿಡ್ರಿ ಅಂದೆ. ನೀನು ನನ್ನ ಹಣೆಯ ವಿಭೂತಿ ನೋಡಿದೆ, ಮೀನು ನೋಡಿದೆ, ಮತ್ತೆ ನನ್ನನ್ನು ನೋಡಿದೆ. ಮನೆಗೆ ಸಾರಾಗಬೇಕಿದ್ದ ಮೀನನ್ನು ನೀನೇ ಎತ್ತಿ ನೀರಿಗೆ ಬಿಟ್ಟೆ. "ಹಿಡಿದೋನು ನೀನು. ಬಿಡೋ ಹಕ್ಕೂ ನಿಂದೇ ಕಣಪ್ಪ" ಎಂದೆ.

ಅವತ್ತಿನಿಂದ ಅದೇ ಕಾನೂನಾಯಿತು. ಮುರುಗೇಶಿ ಹಿಡಿದದ್ದು ನೀರಿಗೆ, ಓಬಳೇಶ ಹಿಡಿದದ್ದು ಸಾರಿಗೆ. ನನ್ನ ಕೈ ಎರೆಹುಳ ಮುಟ್ಟಬಾರದು ಎಂದು ನೀನೇ ನನಗಾಗಿ ಬೇರೆ ಡಬ್ಬಿ ತರುತ್ತಿದ್ದೆ. ಶೇಂಗಾ ಹಿಂಡಿ, ರಾಗಿ ಹಿಟ್ಟು, ಚೂರು ಬೆಲ್ಲ ಹಾಕಿ ಅನುಸೂಯ ನಾದಿಕೊಟ್ಟ ಉಂಡೆ. ಒಂದು ಸಲ ಹಸಿವು ತಡೆಯಲಾರದೆ ನಾನೇ ತಿಂದುಬಿಟ್ಟಿದ್ದೆ. "ಮೀನಿಗಿಂತ ಮದ್ಲು ಇವನೇ ಗಾಳಕ್ಕೆ ಬಿದ್ನಲ್ಲ!" ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಮೊದಲ ಉಂಡೆ ಗಂಗಮ್ಮನಿಗೆ ಎಂದು ನೀರಿಗೆ ಹಾಕದೆ ನೀನು ಯಾವತ್ತೂ ಗಾಳ ಬಿಟ್ಟವನಲ್ಲ. ಈಗಲೂ ಹಿಂಡಿಯ ವಾಸನೆ ಬಂದರೆ ನನಗೆ ಆ ದಡ, ಆ ಬಿಸಿಲು, ನಿನ್ನ ಹಾಳು ಬೀಡಿ ಹೊಗೆ ಎಲ್ಲ ಬೇಕು ಅನಿಸುತ್ತದೆ. ಎಷ್ಟು ಬೇಕು ಅನಿಸುತ್ತದೆ ಎಂದು ಬರೆಯಲು ಬರುವುದಿಲ್ಲ ಮಾರಾಯ.

ಹೊನ್ನಾವರದ ಹುಚ್ಚು ಹಿಡಿಸಿದ್ದೂ ನೀನೇ. ನಿನಗೆ ಆ ರೂಟ್ ಬಿದ್ದಿದ್ದಾಗ ಒಂದು ಬೆಳಿಗ್ಗೆ ಶರಾವತಿ ದಡದಿಂದ ಫೋನ್ ಮಾಡಿದೆ. ಸಮುದ್ರದ ನೀರು ನದಿಯೊಳಗೆ ಏರಿ ಇಳಿಯುವ ಜಾಗವಂತೆ. ಯಾರೋ ದೋಣಿಯಲ್ಲಿ ನಿಂತು ಕೊಕ್ಕೆ ಕಟ್ಟಿದ ಮಿಂಚುವ ತಗಡೊಂದನ್ನು ದೂರಕ್ಕೆ ಎಸೆದು ದಾರದ ರೀಲು ಸುತ್ತುತ್ತಿದ್ದರಂತೆ. ಗದ್ದದ ಕೆಳಗೆ ಮೀಸೆಯಂಥ ಎಳೆಗಳಿರುವ ಬೆಳ್ಳಿ ಬಣ್ಣದ ಮೀನು, ರಾವಸ, ತಗಡನ್ನು ಮರಿಮೀನು ಎಂದುಕೊಂಡು ಬಂದು ಕಚ್ಚಿತಂತೆ. "ಹುಳ ಇಲ್ಲ, ಹಿಟ್ಟಿಲ್ಲ, ಬರೀ ತಗಡು ಕಣಲೇ! ನಿನಗಂತ್ಲೇ ಮಾಡಿಟ್ಟಂಗೈತೆ. ಒಂದ್ಸಲ ಹೋಗಾಣ" ಎಂದು ಕಿವಿ ತೂತು ಬೀಳುವ ಹಾಗೆ ಕಿರುಚಿದೆ. ಹೋಗಾಣ ಹೋಗಾಣ ಅಂತಲೇ ಇದ್ದೆವು. ನಿನಗೆ ರಜೆ ಸಿಕ್ಕಾಗ ನನ್ನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳ ರಾಶಿ, ನನಗೆ ಬಿಡುವಾದಾಗ ನಿನಗೆ ಡ್ಯೂಟಿ. ಅಷ್ಟರಲ್ಲಿ ಹೋದ ಬೇಸಿಗೆಯಲ್ಲಿ ಹೀಗಾಯಿತು.

ಹಾಗಾದ ಮೇಲೂ ನಾನು ಹೊನ್ನಾವರ ಬಿಟ್ಟಿಲ್ಲ. ಶಿವಮೊಗ್ಗಕ್ಕೆ ಹೋಗಿ ಸಾಮಾನು ತಂದೆ. ಗಾಳದ ಅಂಗಡಿಯ ಹುಡುಗ ಪ್ರದೀಪ್ ಅಂತ, ನಮ್ಮ ಮಗಳು ದಿವ್ಯಾಳ ವಯಸ್ಸಿನವನು, ಮಾತು ಮಾತಿಗೆ ಸಾಲ್ಮನ್ ಸಾಲ್ಮನ್ ಅನ್ನುತ್ತಿದ್ದ. ನನಗೆ ಸಾಲ್ಮನ್ ಬೇಡಪ್ಪ, ರಾವಸಕ್ಕೆ ಕೊಡು ಅಂದೆ. "ಅಂಕಲ್, ಅದೇ ಇದು, ಇಂಗ್ಲಿಷಲ್ಲಿ ಇಂಡಿಯನ್ ಸಾಲ್ಮನ್ ಅಂತಾರೆ" ಎಂದ. ನೋಡಪ್ಪ, ನಾವು ಹೋಗುತ್ತಿರುವುದು ಸಾಲ್ಮನ್ ಬೇಟೆಗೆ! ಊರಲ್ಲಿ ಹೇಳಿಕೊಳ್ಳೋಕೆ ಚೆನ್ನಾಗಿದೆ.

ನಾನು ಮೊದಲು ಕೈಗೆತ್ತಿಕೊಂಡದ್ದು ಗಟ್ಟಿ ದಪ್ಪ ರಾಡು. ನಮ್ಮ ಡ್ಯಾಮಿನ ಅಭ್ಯಾಸ. ಅವನು ಅದನ್ನು ಕಿತ್ತುಕೊಂಡು ಹಗುರದ್ದೊಂದು ಕೊಟ್ಟ. ತುದಿ ಬಳುಕುತ್ತದೆ, ಬುಡ ಬಗ್ಗುವುದಿಲ್ಲ. ತಗಡನ್ನು ದೂರ ಎಸೆಯಲು ತುದಿ ಬಳುಕಬೇಕಂತೆ, ಮೀನನ್ನು ತಡೆಯಲು ಬುಡ ಬಲವಾಗಿರಬೇಕಂತೆ. ದಾರ ಹೆಣೆದದ್ದು, ಹೊಲಿಗೆ ದಾರದಷ್ಟೇ ಸಣ್ಣ, ಎಳೆದರೆ ಕೈ ಕೊಯ್ಯುತ್ತದೆ. ರೀಲಿನ ತಲೆಯ ಮೇಲೆ ಒಂದು ತಿರುಪು ಇದೆ, ಡ್ರ್ಯಾಗ್ ಅಂತ. ನಿನಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಅದು ನಿನ್ನ ಬಸ್ಸಿನ ಕ್ಲಚ್. ಮೀನು ಜೋರಾಗಿ ಎಳೆದರೆ ಜಾರಿ ಸ್ವಲ್ಪ ದಾರ ಬಿಟ್ಟುಕೊಡುತ್ತದೆ, ತುಂಡಾಗಲು ಬಿಡುವುದಿಲ್ಲ. ಉಪ್ಪುನೀರಿಗೆ ತುಕ್ಕು ಹಿಡಿಯದ ರೀಲೇ ಬೇಕು ಎಂದು ಅವನು ಕೊಟ್ಟದ್ದಕ್ಕೆ ಹಿಡಿಕೆ ಎಡಗಡೆ ಇತ್ತು. ಬಲಗೈಯಲ್ಲಿ ರಾಡು, ಎಡಗೈಯಲ್ಲಿ ಸುತ್ತುವುದು, ಎಲ್ಲರೂ ಹೀಗೇ ಅಂದ. ಬಲಗಡೆಗೆ ಹಾಕಿಕೊಡು ಅಂದೆ. "ನೀವು ಎಡಚರಾ ಅಂಕಲ್?" ಎಂದು ಕೇಳಿದ. ನಾನಲ್ಲಪ್ಪ, ಸುತ್ತೋನು ಬೇರೆ ಇದ್ದಾನೆ ಅಂದೆ.

ಹೂಂ, ಈಗ ಗೋಡೆ ಬಿಟ್ಟು ಈ ಕಡೆ ತಿರುಗು. ವಿಷಯ ಬಂತು.

ಎಸೆಯುವುದು ನಾನು, ಸುತ್ತುವುದು ನೀನು. ನಿನ್ನ ಬಲಗೈಗೆ ಏನಾಗಿದೆ? ಮುದ್ದೆ ಮುರಿಯುತ್ತದೆ, ಬೀಡಿ ಹಿಡಿಯುತ್ತದೆ (ಕದ್ದು ಸೇದುತ್ತೀಯಂತೆ, ಅದೂ ಗೊತ್ತು), ನನ್ನ ಫೋನ್ ಕಟ್ ಮಾಡುತ್ತದೆ. ರೀಲು ಸುತ್ತಲು ಮಾತ್ರ ಏನು ಧಾಡಿ? ಹೊಸದುರ್ಗದಲ್ಲಿ ಲಾರಿ ಸೀಟ್ ಹೊಲಿಯುವ ಕಾಟಯ್ಯನ ಹತ್ತಿರ ಒಂದು ಸೊಂಟದ ಪಟ್ಟಿ ಹೊಲಿಸಿದ್ದೇನೆ. ಮುಂದುಗಡೆ ರಾಡಿನ ಬುಡ ಕೂರುವ ಗೂಡಿದೆ. ಎಡ ಅಂಗೈಯನ್ನು ರಾಡಿನ ಮೇಲೆ ಇಟ್ಟು ಕಟ್ಟಲು ಸ್ಪಂಜು ಹಾಕಿದ ಇನ್ನೊಂದು ಸಣ್ಣ ಪಟ್ಟಿ. ನಾನು ಎಸೆದು ರಾಡನ್ನು ನಿನ್ನ ಗೂಡಿಗೆ ಇಡುತ್ತೇನೆ, ನೀನು ಬಲಗೈಯಲ್ಲಿ ಸುತ್ತುತ್ತೀಯ. ಮೀನು ಬಂದರೆ ನಾನು ಪಕ್ಕದಲ್ಲೇ ಹಿಡಿದು ನಿಂತಿರುತ್ತೇನೆ. ದೋಣಿಯವರ ಹತ್ತಿರ ಮಾತಾಡಿದ್ದೇನೆ. ನೀರು ಇಳಿಯುವ ಹೊತ್ತಿಗೆ, ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ದೋಣಿ ನಿಲ್ಲಿಸುತ್ತಾರಂತೆ, ಹಲಗೆಯ ಮೇಲೆ ಕೂತೇ ಹಿಡಿಯಬಹುದಂತೆ.

ಎಸೆಯಲು ನಾನೂ ಕಲಿಯಬೇಕಿತ್ತಲ್ಲ. ತಾಳ್ಯದ ರಸ್ತೆಯ ಪಕ್ಕದ ಕೊಯ್ದ ಜೋಳದ ಹೊಲದಲ್ಲಿ ನಿಂತು ಎಸೆದೆ, ಎಸೆದೆ, ಎಸೆದೆ. ದಾರಿಹೋಕರೊಬ್ಬರು ಗಾಡಿ ನಿಲ್ಲಿಸಿ, "ಏನ್ರಿ ಮುರುಗೇಶಪ್ಪ, ಹೊಲದಾಗೆ ಮೀನು ಸಿಗ್ತಾವೇನ್ರಿ?" ಎಂದರು. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಪುಣ್ಯಾತ್ಮನೊಬ್ಬನ ಹೊರೆಗೆ ಗಾಳ ಸಿಕ್ಕಿ, ಅವನು ತನ್ನ ಪಾಡಿಗೆ ನಡೆದ, ಡ್ರ್ಯಾಗ್ ಕಿರ್ರೆಂದು ದಾರ ಬಿಟ್ಟುಕೊಂಡು ಹೋಯಿತು. ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಇಷ್ಟು ಕಾಲ ಪಂಪು ರಿಪೇರಿ ಎಂದು ಸುಳ್ಳು ಹೇಳಿ ನಿನ್ನ ಜೊತೆ ಬರುತ್ತಿದ್ದವನು, ಸತ್ತೆ ಎಂದುಕೊಂಡೇ ಹೊಸಿಲು ದಾಟಿದೆ. ದೇವಿಕಾ ರೊಟ್ಟಿ ತಟ್ಟುತ್ತಲೇ ಹೇಳಿದಳು, "ನಿಮ್ಮ ಅಂಗಿ ಒಗೆಯೋಳು ನಾನು. ಮೋಟಾರಿಗೆ ಮೀನಿನ ವಾಸನೆ ಬರ್ತೈತೇನ್ರಿ? ತಿನ್ನಲ್ಲ ಅಂತ ಗೊತ್ತಿತ್ತು, ಸುಮ್ಮನಿದ್ದೆ." ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ಓಬಳೇಶಣ್ಣ ಬಂದ್ರೆ ಹೋಗ್ರಿ. ಒಬ್ರೇ ಹೋಗೋದಾದ್ರೆ ನಾ ಕಳಿಸಾಕಿಲ್ಲ." ಆದ್ದರಿಂದ ನೀನು ಬರದಿದ್ದರೆ ನಾನೂ ಇಲ್ಲೇ. ದೇವಿಕಾಳ ಮಾತು ಮೀರುವ ಗಂಡಸು ನಾನಲ್ಲ ಎಂಬುದು ನಿನಗೆ ಗೊತ್ತೇ ಇದೆ.

ನಿನ್ನೆ ಮಾರಿಕಣಿವೆಗೆ ಹೋಗಿದ್ದೆ, ನಮ್ಮ ಜಾಗಕ್ಕೇ. ನೀನು ಕೂರುತ್ತಿದ್ದ ಕಲ್ಲು ನೀರಿಗೆ ಮುಳುಗಿಲ್ಲ, ಹಾಗೇ ಇದೆ. ಅಭ್ಯಾಸಬಲದಿಂದ ತಗಡಿನ ಕೊಕ್ಕೆಗೂ ಹಿಂಡಿ ಉಂಡೆ ಚುಚ್ಚಿ ಬೀಸಿ ಎಸೆದೆ. ತಗಡು ಒಂದು ಕಡೆ ಹೋಯಿತು, ಉಂಡೆ ಇನ್ನೊಂದು ಕಡೆ ಹೋಗಿ ಬಿತ್ತು. ಬೈಯಲು ನೀನಿಲ್ಲದೆ ನನ್ನನ್ನು ನಾನೇ ಬೈದುಕೊಂಡೆ. ಉಂಡೆ ಗಂಗಮ್ಮನಿಗೆ ಸೇರಿತು ಎಂದುಕೊಂಡು ಕೈ ಮುಗಿದೆ. ಆಮೇಲೆ ಕಾಟಯ್ಯನ ಪಟ್ಟಿ ಕಟ್ಟಿಕೊಂಡು, ನನ್ನ ಎಡಗೈಯನ್ನು ಕದಲದ ಹಾಗೆ ರಾಡಿಗೆ ಬಿಗಿದು, ಬಲಗೈ ಒಂದರಲ್ಲೇ ಸುತ್ತಿ ನೋಡಿದೆ. ಮೊದಮೊದಲು ಕಷ್ಟ. ರಾಡು ಆ ಕಡೆ ಈ ಕಡೆ ವಾಲುತ್ತದೆ, ಸಿಟ್ಟು ಬರುತ್ತದೆ, ಕೈ ಸೋಲುತ್ತದೆ. ನೀನು ದಿನವೆಲ್ಲ ಹೇಗಿರುತ್ತೀಯ ಎಂಬುದು ಚೂರು ತಿಳಿಯಿತು. ಎಲ್ಲ ತಿಳಿಯಿತು ಎಂದು ಹೇಳುವಷ್ಟು ದಡ್ಡನಲ್ಲ. ಆದರೆ ಸ್ವಲ್ಪ ಹೊತ್ತಿಗೆ ಒಂದು ಹದ ಸಿಕ್ಕಿತು, ಸಣ್ಣ ಮೀನೊಂದು ಕಚ್ಚಿತು, ಒಂದೇ ಕೈಯಲ್ಲಿ ದಡಕ್ಕೆ ತಂದೆ. ಆಗುತ್ತದೆ ಓಬಳೇಶ. ಸುಳ್ಳಲ್ಲ, ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಪಟ್ಟಿ ಬಿಚ್ಚಿ ಮೀನನ್ನು ನೀರಿಗೆ ಬಿಟ್ಟೆ. "ಥೂ, ಒಳ್ಳೆ ಸಾರು ಹೋತಲ್ಲೋ" ಅನ್ನುವವರು ಯಾರೂ ಇರಲಿಲ್ಲ. ನಿನ್ನ ಕಲ್ಲಿನ ಮೇಲೆ ಕೂತೆ, ಏಳಲು ಮನಸ್ಸೇ ಬರಲಿಲ್ಲ.

ಇದರ ಜೊತೆಗಿರುವ ಡಬ್ಬಿ ಬಿಚ್ಚಿ ನೋಡು. ನಿಮ್ಮ ಡಿಪೋದ ಬಸ್ಸಿನಲ್ಲೇ, ನಿನ್ನ ಕಂಡಕ್ಟರ್ ಚಿತ್ರಲಿಂಗಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಒಳಗೆ ರೀಲಿದೆ. ಅಂಗಡಿಯ ಹುಡುಗನಿಗೆ ಬಿಡದೆ ದಾರವನ್ನು ನಾನೇ ಸುತ್ತಿದ್ದೇನೆ, ತಾಮ್ರದ ತಂತಿ ಸುತ್ತಿದಷ್ಟೇ ಬಿಗಿಯಾಗಿ, ಒಂದು ಎಳೆ ಇನ್ನೊಂದರ ಮೇಲೆ ಹತ್ತದ ಹಾಗೆ. ರಾಡು ಇಲ್ಲಿ ನನ್ನ ಅಂಗಡಿಯ ಮೂಲೆಯಲ್ಲಿದೆ. ಒಂದೇ ರಾಡು, ಒಂದೇ ರೀಲು. ಎರಡನೆಯದು ಕೊಳ್ಳಲಿಲ್ಲ, ಕೊಳ್ಳುವುದೂ ಇಲ್ಲ. ನೀನು ಬರದಿದ್ದರೆ ನನ್ನ ರಾಡು ಎಮ್ಮೆ ಹೊಡೆಯುವ ಕೋಲು, ನಿನ್ನ ರೀಲು ಅಲಮಾರಿಯ ಗೊಂಬೆ.

ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ನಿನಗೆ. ಘಾಟಿ ಇಳಿಯುವಾಗ ಅವನಿಗೆ ಗೇರು ಬದಲಿಸಲು ಕಲಿಸಿಕೊಡು, ಅವನು ಎಷ್ಟು ಬೈದರೂ ಸಹಿಸಿಕೋ. ದೇವಿಕಾ ಇಬ್ಬರಿಗೂ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟುತ್ತಾಳೆ. ಆದರೆ ಒಂದು ತಕರಾರು ಉಳಿದಿದೆ, ಅದನ್ನು ನೀನಿಲ್ಲದೆ ಬಗೆಹರಿಸಲಾರೆ. ನಾನು ಎಸೆದು ನೀನು ಸುತ್ತಿದ ಮೀನು ಯಾರದು? ನೀರಿಗೋ, ಸಾರಿಗೋ? ನಮ್ಮ ಕಾನೂನಿನಲ್ಲಿ ಇದಕ್ಕೆ ಉತ್ತರವಿಲ್ಲ. ತುಂಬ ಯೋಚಿಸಿದೆ. ಲೇ, ಸಾರಿಗೇ ಹೋಗಲಿ ಬಿಡು. ನಾನು ಮುಟ್ಟಿದ ಮೊದಲನೆಯ ಮೀನನ್ನು ನನಗಾಗಿ ನೀರಿಗೆ ಬಿಟ್ಟವನು ನೀನು. ಈ ಒಂದನ್ನು ನಾನು ನಿನಗಾಗಿ ನೀರಿಗೆ ಬಿಡುವುದಿಲ್ಲ. ನೀನು ಉಣ್ಣುವಾಗ ಮುಖ ಆ ಕಡೆ ಮಾಡಿ ರೊಟ್ಟಿ ತಿನ್ನುತ್ತಾ ಕೂತಿರುತ್ತೇನೆ. ನಿನ್ನ ಪಕ್ಕದಲ್ಲೇ.

ಹಿಡಿಕೆ ಬಲಗಡೆಗಿದೆ. ಒಂದು ಸುತ್ತು ತಿರುಗಿಸಿ ನೋಡು. ಆಮೇಲೆ ಅದೇ ಕೈಯಲ್ಲಿ ನನಗೊಂದು ಫೋನ್ ಮಾಡು, ಏನೂ ಮಾತಾಡಬೇಡ, ರೀಲಿನ ಸದ್ದು ಕೇಳಿಸು. ನಾನು ಟಿಕೆಟ್ ಮಾಡಿಸುತ್ತೇನೆ.

ಗಂಗಮ್ಮ ನಿನ್ನ ಬಲಗೈಯನ್ನು ತಣ್ಣಗಿಟ್ಟಿರಲಿ.

ರಾಡು ಹಿಡಿದು ನಿನ್ನ ದಾರಿ ನೋಡುತ್ತಿರುವ
ಮುರುಗೇಶಿ