ತುಂಬಿದ ಬಟ್ಟಲು

ಶೋಲ್ಪನ್ ಅಕ್ಕಾ,

ನೀನು ಹೋಗಿ ನಲವತ್ತು ದಿನ ತುಂಬುವ ಮೊದಲೇ ತರಾಜ್ ಊರಿನ ನಿನ್ನ ಮನೆಯನ್ನು ಒಬ್ಬ ಹೆಂಗಸಿಗೆ ವಾರದ ಬಾಡಿಗೆಗೆ ಕೊಟ್ಟೆ. ನಿನ್ನ ಪಾಸ್‌ಪೋರ್ಟ್ ಮೇಜಿನ ಖಾನೆಯಲ್ಲೇ ಇತ್ತು.

ಇವತ್ತು ಅವಳಿಂದ ಬೀಗದ ಕೈ ವಾಪಸು ಪಡೆಯಲು ಹೋದಾಗ ಮೆಟ್ಟಿಲಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಎದುರಾಯಿತು.

"ಶೋಲ್ಪನ್ ಆಪಾ ಮನೆ ನಾವೇ ತಗೊಳ್ತಿದೀವಿ," ಅಂದಳು ಹುಡುಗಿ. "ಇವತ್ತೇ ಮುಂಗಡ ತಂದ್ರೆ ಅರ್ಧ ಬೆಲೆಗೆ ಕೊಡ್ತಾರಂತೆ."

"ಅವಳನ್ನ ಮಣ್ಣು ಮಾಡಿ ತಿಂಗಳಾಯ್ತಮ್ಮ. ನಾನು ಅವಳ ತಂಗಿ."

ಹುಡುಗಿ ಬಿಳಿಚಿಕೊಂಡಳು. "ಪಾಸ್‌ಪೋರ್ಟ್ ನೋಡಿದ್ವಲ್ಲ, ಅದೇ ಮುಖ! ಈಗಷ್ಟೇ ಚಹಾ ಕೊಟ್ರು, ಬಟ್ಟಲು ತುಂಬಾ."

"ಅಷ್ಟು ತುಂಬಿಸಿದಾಗ್ಲೇ ಅಂದೆ, ನಮ್ಮನ್ನ ಎದ್ದು ಹೋಗಿ ಅಂತಿದಾರೆ ಅಂತ," ಗಂಡ ಗೊಣಗಿದ. "ನೀನು ಪರದೆ ಬಣ್ಣ ಆರಿಸ್ತಿದ್ದೆ."

ಅಕ್ಕಪಕ್ಕದವರನ್ನು ಕೇಳದೆ ಎಲ್ಲೂ ಮುಂಗಡ ಕೊಡಬೇಡಿ ಎಂದು ಅವರನ್ನು ಕಳಿಸಿ ಮೇಲೆ ಹೋದೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಇರುವುದು ಒಂದೇ ಮೆಟ್ಟಿಲು. ನನ್ನನ್ನು ದಾಟಿ ಯಾರೂ ಇಳಿದಿರಲಿಲ್ಲ. ಮೇಜಿನ ಮೇಲೆ ನಿನ್ನ ಪಾಸ್‌ಪೋರ್ಟ್. ಅವರ ಎರಡು ಬಟ್ಟಲುಗಳ ಪಕ್ಕ ಮೂರನೆಯದೊಂದು, ಅಂಚಿನವರೆಗೂ ತುಂಬಿ, ಇನ್ನೂ ಹಬೆಯಾಡುತ್ತಿತ್ತು.

ನೀನು ಇದ್ದಾಗ, ಅತಿಥಿ ಇನ್ನಷ್ಟು ಹೊತ್ತು ಕೂರಲೆಂದು ಅರ್ಧ ಬಟ್ಟಲೇ ಕೊಡುತ್ತಿದ್ದೆ; ಯಾರಿಗೂ ಹಾಗೆ ತುಂಬಿಸಿ ಕೊಟ್ಟವಳಲ್ಲ. ಒಮ್ಮೆ, ನಾವು ಜಗಳವಾಡಿದ ದಿನ, ನನಗೆ ಮಾತ್ರ ಕೊಟ್ಟಿದ್ದೆ. ಅವತ್ತು ನಾನು ಕುಡಿಯದೆ ಎದ್ದು ಬಂದಿದ್ದೆ.

ಇವತ್ತು ಕೂತು ಕುಡಿದೆ.